ಸೈಟು ಭಾಗವಾಗುವ ಮುನ್ನ ದಾರಿ ತೀರ್ಮಾನವಾಗಲಿ

ಅಪ್ಪನ ಹೆಸರಿನಲ್ಲಿದ್ದ ಒಂದು ಸೈಟನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾರೆ. ಹಿರಿಯರ ಮುಂದೆ ಮಾತಾಗುತ್ತದೆ, ವಿಭಾಗಪತ್ರ ಬರೆಸಿಯೂ ಆಗುತ್ತದೆ, ನಡುವೆ ಗೋಡೆ ಏಳುತ್ತದೆ. ತೊಡಕು ಕಾಣುವುದು ಆಮೇಲೆ. ತಮ್ಮ ಮನೆ ಕಟ್ಟಲು ಸಾಲ ಕೇಳಿದರೆ ಬ್ಯಾಂಕಿನವರು ಅವನ ಪಾಲಿಗೆ ಪ್ರತ್ಯೇಕ ಖಾತೆ ತರಲು ಹೇಳುತ್ತಾರೆ. ಖಾತೆಗೆ ಹೋದರೆ ನಗರಸಭೆಯವರು ಅನುಮೋದನೆಯಾದ ವಿಭಜನಾ ನಕ್ಷೆ ಎಲ್ಲಿ ಎನ್ನುತ್ತಾರೆ. ನಕ್ಷೆಗೆ ಹೋದರೆ ಹಿಂದಿನ ಪಾಲಿಗೆ ದಾರಿಯೇ ಇಲ್ಲವಲ್ಲ ಎಂಬ ಪ್ರಶ್ನೆ ಬರುತ್ತದೆ. ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಜನ ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕೆ ಲಂಚ, ವಿಳಂಬ, ಸರ್ವರ್ ಡೌನ್ ಎಂದು ಹಲವು ಕಾರಣ ಹೇಳುವುದುಂಟು. ಅವುಗಳಲ್ಲಿ ನಿಜವೂ ಇರಬಹುದು. ಆದರೆ ಬಹುಪಾಲು ಅರ್ಜಿಗಳು ನಿಲ್ಲಲು ಕಾರಣ, ಕೆಲಸಗಳು ತಿರುವುಮುರುವಾಗಿ ನಡೆದಿರುವುದು: ಮೊದಲು ಪತ್ರ, ಆಮೇಲೆ ಗೋಡೆ, ಕೊನೆಗೆ ನಕ್ಷೆ. ನಕ್ಷೆ ಮೊದಲು ಬಂದರೆ ಉಳಿದದ್ದು ಹೇಗೆ ಸಲೀಸಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಕಾನೂನು ಏನನ್ನು ಕೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಪ್ರಕರಣದ ಪ್ರಕಾರ, ಯೋಜನಾ ಪ್ರದೇಶದೊಳಗೆ ತನ್ನ ನಿವೇಶನವನ್ನು ವಿಭಜಿಸುವವರು ಅಥವಾ ಅದರಲ್ಲಿ ಖಾಸಗಿ ರಸ್ತೆ ಮಾಡುವವರು ವಿನ್ಯಾಸ ನಕ್ಷೆಯನ್ನು ಯೋಜನಾ ಪ್ರಾಧಿಕಾರಕ್ಕೆ ಸಲ್ಲಿಸಿ ಮಂಜೂರಾತಿ ಪಡೆಯಬೇಕು. ವಿಭಜನೆ, ಖಾಸಗಿ ರಸ್ತೆ ಎರಡನ್ನೂ ಕಾನೂನು ಒಂದೇ ಪ್ರಕರಣದಲ್ಲಿ ಇಟ್ಟಿದೆ ಎಂಬುದನ್ನು ಗಮನಿಸಿ. ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ, 1987ರ 32ನೇ ಪ್ರಕರಣ ಇನ್ನೂ ಬಿಡಿಸಿ ಹೇಳುತ್ತದೆ. ಹೊಸ ಬಡಾವಣೆಯ ಅರ್ಜಿಯಲ್ಲಿ ರಸ್ತೆಯ ಮಟ್ಟ, ದಿಕ್ಕು, ಅಗಲ, ಚರಂಡಿ, ನೀರು, ದೀಪದ ವ್ಯವಸ್ಥೆಯನ್ನು ತೋರಿಸಬೇಕು. ಎರಡೂ ಕಡೆ ಕಾನೂನಿನ ಕಣ್ಣಿರುವುದು ಹಂಚಿಕೊಳ್ಳುವ ನೆಲದ ಮೇಲಲ್ಲ, ಹಂಚದೆ ಉಳಿಸಬೇಕಾದ ನೆಲದ ಮೇಲೆ. ಯಾರಿಗೆ ಎಷ್ಟು ಅಡಿ ಎಂಬುದು ಕುಟುಂಬದ ತೀರ್ಮಾನ. ಪ್ರತಿ ತುಂಡಿಗೂ ಗಾಡಿ ಹೋಗುತ್ತದೆಯೇ, ಮಳೆನೀರು ಎಲ್ಲಿಗೆ ಹರಿಯುತ್ತದೆ, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಲಾದೀತೇ ಎಂಬುದು ಊರಿನ ತೀರ್ಮಾನ. ವಿಭಾಗಪತ್ರ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ, ನಕ್ಷೆ ಎರಡನೆಯದಕ್ಕೆ.

ಇದು ಕಾಗದದ ಮಾತಷ್ಟೇ ಎನಿಸಿದರೆ ಒಂದು ಲೆಕ್ಕ ಹಾಕಿ ನೋಡಿ. ರಸ್ತೆಗೆ 40 ಅಡಿ ಮುಖ, 60 ಅಡಿ ಆಳ ಇರುವ ಸೈಟು ಇದೆ ಎನ್ನಿ. ಒಟ್ಟು 2,400 ಚದರಡಿ, ಇಬ್ಬರು ಪಾಲುದಾರರು. ಅಡ್ಡಲಾಗಿ ಸೀಳಿದರೆ ಮುಂದೆ 40×30, ಹಿಂದೆ 40×30. ಕಾಗದದಲ್ಲಿ ಸಮಪಾಲು, ಆದರೆ ಹಿಂದಿನವನಿಗೆ ದಾರಿಯಿಲ್ಲ. ಪಕ್ಕದಲ್ಲಿ 10 ಅಡಿ ಓಣಿ ಬಿಟ್ಟರೆ ಮುಂದಿನವನ ಪಾಲು 30×30ಕ್ಕೆ, ಅಂದರೆ 900 ಚದರಡಿಗೆ ಇಳಿಯುತ್ತದೆ. ಸಮ ಮಾಡಲೆಂದು ಗಡಿಯನ್ನು ಹತ್ತು ಅಡಿ ಹಿಂದಕ್ಕೆ ಸರಿಸಿದರೆ ಮುಂದಿನವನಿಗೆ 30×40, ಹಿಂದಿನವನಿಗೂ ಲೆಕ್ಕಕ್ಕೆ 1,200 ಚದರಡಿಯೇ. ಆದರೆ ಅದರಲ್ಲಿ 400 ಓಣಿಗೆ ಹೋಗಿ, ಮನೆ ಕಟ್ಟಲು ಸಿಗುವುದು 40×20 ಮಾತ್ರ. ಅದರಲ್ಲೂ ಸುತ್ತ ಜಾಗ ಬಿಡಬೇಕು. ಅದೇ ಸೈಟನ್ನು ಉದ್ದಕ್ಕೆ ಸೀಳಿದರೆ ಇಬ್ಬರಿಗೂ 20×60 ಬರುತ್ತದೆ, ಇಬ್ಬರಿಗೂ ರಸ್ತೆ ಸಿಗುತ್ತದೆ. ಮನೆ ಮಾತ್ರ ರೈಲುಬೋಗಿಯಂತೆ ಉದ್ದವಾಗುತ್ತದೆ. ಇವುಗಳಲ್ಲಿ ಯಾವುದು ಸರಿ ಎಂದು ಗೋಡೆ ಎದ್ದ ಮೇಲೆ ಯೋಚಿಸಿ ಪ್ರಯೋಜನವಿಲ್ಲ. ಇನ್ನೊಂದು ದಾರಿಯೂ ಇದೆ, ಅದನ್ನು ಜನ ಬೇಗ ಮರೆಯುತ್ತಾರೆ: ಸೈಟನ್ನು ಒಡೆಯದೆ ಜಂಟಿ ಖಾತೆಯಲ್ಲಿ ಇಟ್ಟುಕೊಂಡು, ಒಂದೇ ಪರವಾನಗಿಯಲ್ಲಿ ಮಹಡಿಗೊಬ್ಬರಂತೆ ಮನೆ ಕಟ್ಟಿಕೊಳ್ಳುವುದು. ಸಣ್ಣ ಸೈಟಿಗೆ ಹಲವು ಸಲ ಇದೇ ಜಾಣತನದ ಮಾತು.

ಕೋಲಾರದ ಚಿನ್ನದ ಗಣಿಗಳ (ಕೆಜಿಎಫ್) ಸುತ್ತಲಿನ ಈ ಊರುಗಳ ನೆಲಕ್ಕೆ ಒಂದು ವಿಶೇಷವಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಳಿಗೆ ಕಾಲಿಟ್ಟ ಮೇಲೆ ಬೆಳೆದ ವಸತಿಯಲ್ಲಿ ಕಂಪನಿಯ ನೆಲ, ಪೇಟೆಯ ನೆಲ, ಹಳ್ಳಿಯ ನೆಲ ಒಂದರ ಪಕ್ಕದಲ್ಲೊಂದು ಬಂದವು. ರಾಬರ್ಟ್‌ಸನ್‌ಪೇಟೆಯಂತೂ ಕಳೆದ ಶತಮಾನದ ಆರಂಭದಲ್ಲಿ ಅಡ್ಡ-ಉದ್ದ ಬೀದಿಗಳ ಚೌಕಟ್ಟಿನಲ್ಲಿ ಯೋಜಿಸಿ ಕಟ್ಟಿದ ಊರು. ನಮ್ಮಜ್ಜಂದಿರ ಕಾಲದಲ್ಲೇ ಬೀದಿ ಮೊದಲು, ಮನೆ ಆಮೇಲೆ ಎಂಬ ಕ್ರಮ ಇಲ್ಲಿ ನಡೆದಿತ್ತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ಊರಾಗಿ ಕೆಜಿಎಫ್ ಬದಲಾಯಿತು. ಈಗ ಹೊಸಕೋಟೆಯಿಂದ ಬೇತಮಂಗಲದವರೆಗಿನ ಎಕ್ಸ್‌ಪ್ರೆಸ್ ಹೆದ್ದಾರಿಯೂ ಸೇರಿ, ಸುತ್ತಲಿನ ಹೊಲಗಳ ಬದಿಯಲ್ಲಿ ಸೈಟಿನ ಕಲ್ಲುಗಳು ಏಳುತ್ತಿವೆ. ಹಾಗಾಗಿ ನಿಮ್ಮ ನೆಲ ಮೂರರಲ್ಲಿ ಯಾವ ಬಗೆಯದು ಎಂಬುದೇ ಮೊದಲ ಪ್ರಶ್ನೆ. ಗಣಿ ಕಾಲೊನಿಯ ಮನೆಯಾದರೆ, ಎಷ್ಟು ತಲೆಮಾರಿನಿಂದ ವಾಸವಿದ್ದರೂ, ಹಕ್ಕುಪತ್ರ ಕೈಗೆ ಬಂದು ದಾಖಲೆ ನಿಮ್ಮ ಹೆಸರಿಗೆ ಆಗುವವರೆಗೆ ಅದನ್ನು ವಿಭಜಿಸುವ ಮಾತು ಎತ್ತಲಾಗದು. ಅಂಥ ಮನೆಯ ಅರ್ಧಭಾಗವನ್ನು ಕರಾರುಪತ್ರದ ಮೇಲೆ ಕೊಳ್ಳುವವರು ಇಟ್ಟಿಗೆಯನ್ನು ಕೊಳ್ಳುತ್ತಾರೆ, ನೆಲವನ್ನಲ್ಲ.

ಉಳಿದ ಎರಡು ಬಗೆಯ ನೆಲಕ್ಕೆ ಕೆಲಸ ಈ ಕ್ರಮದಲ್ಲಿ ಸಾಗಲಿ.

1. ಕಚೇರಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಆಂಡರ್ಸನ್‌ಪೇಟೆ ರಾಬರ್ಟ್‌ಸನ್‌ಪೇಟೆ ನಗರಸಭೆಗೆ ಸೇರಿದ್ದು. ಖಾತೆ, ತೆರಿಗೆ, ಕಟ್ಟಡ ಪರವಾನಗಿ ಅಲ್ಲಿ. ವಿಭಜನೆ ಅಥವಾ ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವುದು ಕೆಜಿಎಫ್ ನಗರಾಭಿವೃದ್ಧಿ ಪ್ರಾಧಿಕಾರ. ಬಂಗಾರಪೇಟೆಯಲ್ಲಿ ಖಾತೆಗೆ ಪುರಸಭೆ, ನಕ್ಷೆಗೆ ಆ ಊರಿನ ಯೋಜನಾ ಪ್ರಾಧಿಕಾರ. ಯೋಜನಾ ಪ್ರದೇಶದ ಆಚೆಯ ಹಳ್ಳಿಯಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿಯಿಂದ ತಾಂತ್ರಿಕ ಅನುಮೋದನೆ ಪಡೆದು ಗ್ರಾಮ ಪಂಚಾಯಿತಿಗೆ ಬರಬೇಕು. ಸರ್ವೆ ನಂಬರು, ಗ್ರಾಮದ ಹೆಸರು ಬರೆದುಕೊಂಡು ಹೋಗಿ ವ್ಯಾಪ್ತಿಯನ್ನು ಲಿಖಿತವಾಗಿ ಕೇಳಿ. ಬಾಯಿಮಾತಿಗೆ ಬೆಲೆಯಿಲ್ಲ.

2. ಹಕ್ಕಿನ ಕಾಗದಗಳನ್ನು ಒಂದು ಸರಣಿಯಾಗಿ ಜೋಡಿಸಿ. ಮೂಲಪತ್ರ, ಅದರ ನಂತರದ ಪ್ರತಿ ವರ್ಗಾವಣೆ, ಮರಣ ಪ್ರಮಾಣಪತ್ರ, ವಂಶವೃಕ್ಷ, ಈಗಿನ ಖಾತೆ ಅಥವಾ ಪಹಣಿ, ತೆರಿಗೆ ರಸೀದಿ, ಋಣಭಾರ ಪ್ರಮಾಣಪತ್ರ (ಇ.ಸಿ.). ಇಲ್ಲಿ ಸ್ಥಳೀಯ ತೊಡಕೊಂದಿದೆ. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಹಳೆಯ ಪತ್ರಗಳಲ್ಲಿ ಅದೇ ಇರುತ್ತದೆ. ಕೆಜಿಎಫ್ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಅದಕ್ಕೂ ಮುಂಚೆ ಇದೆಲ್ಲ ಬಂಗಾರಪೇಟೆ ತಾಲ್ಲೂಕು. ಆದ್ದರಿಂದ ಪತ್ರವಾದ ಕಾಲದಲ್ಲಿ ಊರು ಯಾವ ಉಪನೋಂದಣಿ ಕಚೇರಿಯ ವ್ಯಾಪ್ತಿಯಲ್ಲಿತ್ತು ಎಂದು ವಿಚಾರಿಸಿ ಅಲ್ಲಿಂದಲೂ ಇ.ಸಿ. ತೆಗೆಸಿ. ಈಗಿನ ಕಚೇರಿಯೊಂದರಲ್ಲೇ ಹುಡುಕಿ ‘ಋಣಭಾರ ಇಲ್ಲ’ ಎಂದು ನೆಮ್ಮದಿಯಾಗಿ ಕೂರಬೇಡಿ. ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಮಂಜೂರಾತಿಯ ಷರತ್ತು ಓದಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. 2023ರ ತಿದ್ದುಪಡಿಯ ನಂತರ, ಬಹಳ ವರ್ಷ ಕಳೆದುಹೋಗಿದೆ ಎಂಬ ವಾದಕ್ಕೂ ಮೊದಲಿನ ಬಲ ಉಳಿದಿಲ್ಲ.

3. ನೆಲವನ್ನು ಅಳೆಸಿ. ಪತ್ರದ ಅಳತೆ, ನೆಲದ ಅಳತೆ ಒಂದೇ ಎಂದು ನಂಬಿ ನಕ್ಷೆ ಬರೆಸಿದರೆ ಸ್ಥಳತನಿಖೆಯ ದಿನ ಸಿಕ್ಕಿಬೀಳುತ್ತೀರಿ. ಹಳೆಯ ಪೇಟೆಯ ಸೈಟುಗಳಲ್ಲಿ ಚೆಕ್ಕುಬಂದಿಯ ನಾಲ್ಕೂ ಕಡೆ ಈಗ ಯಾರಿದ್ದಾರೆ ಎಂದು ಬರೆದುಕೊಳ್ಳಿ. ಪತ್ರದಲ್ಲಿರುವ ಹೆಸರಿನವರು ಈಗ ಅಲ್ಲಿರುವುದು ಅಪರೂಪ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತು, ಅಂದರೆ ಗಡಿ ಗುರುತು, ಮಾಡಿಸಿ. ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಮಾರುವುದಾದರೆ, ಪಾಲು ಮಾಡುವುದಾದರೆ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ತೆಗೆಸಿ ಖರಾಬು ಎಷ್ಟಿದೆ ನೋಡಿ. ಎ ಖರಾಬು ಸಾಗುವಳಿಗೆ ಯೋಗ್ಯವಲ್ಲದ ಭಾಗ. ಬಿ ಖರಾಬು ದಾರಿ, ಕಾಲುವೆಯಂಥ ಸಾರ್ವಜನಿಕ ನೆಲ. ಅದು ನಿಮ್ಮ ಬೇಲಿಯೊಳಗಿದ್ದರೂ ನಿಮ್ಮದಲ್ಲ, ಅದರ ಮೇಲೆ ಸೈಟು ಗೀಚಿದ ನಕ್ಷೆ ನಿಲ್ಲುವುದಿಲ್ಲ.

4. ನೆಲದ ಬಳಕೆ ಏನೆಂದು ತಿಳಿಯಿರಿ. ಮಹಾಯೋಜನೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣವಿದೆ ಎಂದು ಪ್ರಾಧಿಕಾರದಲ್ಲಿ ಕೇಳಿ. ವಸತಿ ವಲಯವಲ್ಲದಿದ್ದರೆ ಭೂ ಉಪಯೋಗ ಬದಲಾವಣೆ ಬೇರೆ ವಿಷಯ, ಅದು ಸುಲಭವಲ್ಲ. ಕೃಷಿ ಜಮೀನಾಗಿದ್ದರೆ ಭೂ ಕಂದಾಯ ಕಾಯ್ದೆ, 1964ರ 95ನೇ ಪ್ರಕರಣದಂತೆ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ, ಜನ ಡಿಸಿ ಕನ್ವರ್ಷನ್ ಎನ್ನುವುದು, ಆಗಬೇಕೇ ಎಂದು ವಿಚಾರಿಸಿ. ಕನ್ವರ್ಷನ್ ಆಯಿತು ಎಂದರೆ ಬಡಾವಣೆಗೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಇಲ್ಲೇ ಎಷ್ಟೋ ಕೊಳ್ಳುವವರು ಎಡವುತ್ತಾರೆ: ‘ಕನ್ವರ್ಟೆಡ್ ಸೈಟು’ ಎಂಬ ಜಾಹೀರಾತಿನಲ್ಲಿ ಸುಳ್ಳಿರುವುದಿಲ್ಲ, ಪೂರ್ತಿ ಸತ್ಯವೂ ಇರುವುದಿಲ್ಲ.

5. ಈಗ ನಕ್ಷೆ. ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಕೈಯಲ್ಲಿ ಬರೆಸಿ, ಆದರೆ ಅದರಲ್ಲಿ ಏನಿರಬೇಕೆಂದು ನಿಮಗೂ ಗೊತ್ತಿರಲಿ. ಮೊದಲು ಹೊರಗಿನ ರಸ್ತೆ: ಅದರ ನಿಜವಾದ ಅಗಲ, ಅದು ಸಾರ್ವಜನಿಕ ರಸ್ತೆ ಎನ್ನುವುದಕ್ಕೆ ದಾಖಲೆ. ಮನೆಗಳ ಹಿಂದೆ ಸ್ವಚ್ಛತಾ ಕೆಲಸಕ್ಕೆಂದು ಬಿಟ್ಟ ಹಳೆಯ ಕನ್ಸರ್ವೆನ್ಸಿ ಓಣಿ ಇದ್ದರೆ ಅದನ್ನು ಪ್ರವೇಶದ ರಸ್ತೆ ಎಂದು ತೋರಿಸುವ ಆಸೆ ಬೇಡ. ಆಮೇಲೆ ಒಳಗಿನ ರಸ್ತೆ. ವಸತಿ ಬಡಾವಣೆಗೆ ಸಾಮಾನ್ಯವಾಗಿ 9 ಮೀಟರ್, ಅಂದರೆ 30 ಅಡಿ, ಕನಿಷ್ಠ ಎಂದು ಇಟ್ಟುಕೊಳ್ಳಿ. ನಿಮ್ಮ ವಲಯ ನಿಯಮಾವಳಿಯಲ್ಲಿ ರಸ್ತೆಯ ಅಗಲ, ನಿವೇಶನದ ಕನಿಷ್ಠ ಅಳತೆ ಎರಡನ್ನೂ ನೋಡಿಯೇ ಗೆರೆ ಎಳೆಸಿ. ಮೂರನೆಯದು ಇಳಿಜಾರು ಮತ್ತು ನೀರು. ಕೆಜಿಎಫ್ ಸುತ್ತ ಇದು ಹೆಸರಿಗೆ ಮಾತ್ರ ತುಂಬುವ ಕಾಲಮ್ಮಲ್ಲ. ಗಣಿಯ ತ್ಯಾಜ್ಯ ಗುಡ್ಡೆಯಾಗಿ ನಿಂತ ಸೈನೈಡ್ ದಿಬ್ಬಗಳಿಂದ ಮಳೆಗಾಲದಲ್ಲಿ ಹರಿದುಬರುವ ನೀರು, ಬೇಸಿಗೆಯಲ್ಲಿ ಹಾರಿಬರುವ ಧೂಳು ಯಾವ ಕಡೆಗೆ ಎಂಬುದನ್ನು ಎಂಜಿನಿಯರ್ ನೆಲದ ಮೇಲೆ ನಿಂತು ನೋಡಿರಬೇಕು. ಕಾಲುವೆ, ಬಾವಿ, ವಿದ್ಯುತ್ ತಂತಿ, ಮುಚ್ಚಿದ ಗಣಿಬಾಯಿ, ಹಳೆಯ ಕಟ್ಟಡ, ಯಾವುದನ್ನೂ ಮುಚ್ಚಿಡಬೇಡಿ. ಕೊನೆಗೆ ಪ್ರತಿ ನಿವೇಶನದ ನಾಲ್ಕೂ ಬದಿಯ ಅಳತೆ, ವಿಸ್ತೀರ್ಣ, ಒಟ್ಟು ಲೆಕ್ಕದ ಕೋಷ್ಟಕ. ರಸ್ತೆ, ಉದ್ಯಾನ, ನಿವೇಶನ ಕೂಡಿದರೆ ಸರ್ವೆಯ ವಿಸ್ತೀರ್ಣಕ್ಕೆ ಸರಿಯಾಗಿ ತಾಳೆಯಾಗಬೇಕು.

6. ಸಲ್ಲಿಸಿದ ಮೇಲಿನ ಕೆಲಸ. ಸ್ವೀಕೃತಿ ಸಂಖ್ಯೆ ಇಲ್ಲದೆ ಕಡತ ಒಪ್ಪಿಸಬೇಡಿ. ಸ್ಥಳತನಿಖೆಯ ದಿನ ಎಲ್ಲ ಪಾಲುದಾರರೂ ಇರಲಿ, ಗಡಿಕಲ್ಲು ಕಾಣುವಂತಿರಲಿ. ಶುಲ್ಕದ ಬೇಡಿಕೆ ಲಿಖಿತವಾಗಿ ಬಂದ ಮೇಲೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಬಡಾವಣೆಯಾದರೆ ರಸ್ತೆ, ಉದ್ಯಾನದ ಜಾಗವನ್ನು ಪರಿಹಾರ ಕೇಳದೆ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಕಾಮಗಾರಿ ನಡೆದಂತೆ ನಿವೇಶನಗಳು ಹಂತಹಂತವಾಗಿ ಬಿಡುಗಡೆಯಾಗುತ್ತವೆ. ಮಾರಾಟಕ್ಕೆಂದು ಮಾಡುವ ಬಡಾವಣೆಯ ನೆಲ 500 ಚದರ ಮೀಟರ್ ದಾಟಿದರೆ ರೇರಾ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ನೋಡಿಕೊಳ್ಳಿ. ಮಂಜೂರಾದ ನಕ್ಷೆ ಹಿಡಿದು ನಗರಸಭೆಗೆ ಹೋಗಿ ಪ್ರತ್ಯೇಕ ಖಾತೆ ಕೇಳುವುದು ಕೊನೆಯ ಮೆಟ್ಟಿಲು.

ಇಷ್ಟೆಲ್ಲ ಯಾಕೆ ಎಂದು ಕೇಳುವವರ ಆಕ್ಷೇಪಗಳಲ್ಲಿ ಮೂರಕ್ಕೆ ಉತ್ತರಿಸಲೇಬೇಕು. ಮೊದಲನೆಯದು, ‘ನಾವು ಬಡಾವಣೆ ಮಾಡಿ ಮಾರುವವರಲ್ಲ, ಮನೆಯೊಳಗಿನ ಪಾಲು, ನಮಗೂ ಇದೇ ನಿಯಮವೇ?’ ಈ ದೂರಿನಲ್ಲಿ ನ್ಯಾಯವಿದೆ. ನೂರು ಸೈಟಿನ ಬಡಾವಣೆಗೆ ಹೊಂದುವ ಕಾಗದಪತ್ರದ ಭಾರವನ್ನು 2,400 ಚದರಡಿಯ ಇಬ್ಬರು ವಾರಸುದಾರರ ಮೇಲೆ ಹೊರಿಸುವುದು ತಕ್ಕದ್ದಲ್ಲ. ಸಣ್ಣ ವಿಭಜನೆಗಳಿಗೆ ಒಂದೇ ಕಿಟಕಿಯ, ಒಂದೇ ಪುಟದ ಅರ್ಜಿ ಇರಬೇಕು ಎಂದು ನಗರಸಭೆಯ ಸದಸ್ಯರನ್ನು ಒತ್ತಾಯಿಸುವುದು ತಪ್ಪಲ್ಲ. ಆದರೆ ನಿಯಮವೇ ಬೇಡ ಎನ್ನಲಾಗದು. ಇಂದಿನ ಇಬ್ಬರು ಅಣ್ಣತಮ್ಮಂದಿರ ಮಕ್ಕಳು ನಾಳೆ ಐವರಾಗುತ್ತಾರೆ. ಮೂರಡಿ ಓಣಿ ಹುಟ್ಟುವುದು ಹೊರಗಿನವರಿಂದಲ್ಲ, ಮನೆಯೊಳಗಿನ ಪಾಲಿನಿಂದಲೇ.

ಎರಡನೆಯದು, ‘ಅಕ್ರಮ-ಸಕ್ರಮ ಬರುತ್ತದೆ, ಆಗ ಸರಿಯಾಗುತ್ತದೆ’ ಎಂಬ ನಂಬಿಕೆ. ಇದರ ಚರಿತ್ರೆ ನೋಡಿ. ಅನಧಿಕೃತ ಕಟ್ಟಡ, ಬಡಾವಣೆಗಳನ್ನು ಸಕ್ರಮ ಮಾಡಲು ರಾಜ್ಯ ಸರ್ಕಾರ 2014ರಲ್ಲಿ ನಿಯಮ ತಂದಿತು, 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅದನ್ನು ನೆಚ್ಚಿ ಸೈಟು ಕೊಂಡವರು ವರ್ಷಗಟ್ಟಲೆ ಕಾದರು. ಈಗ ಅದರ ಜಾಗದಲ್ಲಿ ಬಿ-ಖಾತೆಯ ಮಾತು. ಅನಧಿಕೃತ ಬಡಾವಣೆಗಳ ಆಸ್ತಿಗಳಿಗೂ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತೆ ಕೊಡುವ ಅಭಿಯಾನ 2025ರಲ್ಲಿ ನಡೆಯಿತು. ಆಸ್ತಿ ದಾಖಲೆಯೊಳಗೆ ಬಂದು ತೆರಿಗೆ ಕಟ್ಟುವಂತಾಗುವುದು ಒಳ್ಳೆಯದೇ. ಆದರೆ ಬಿ-ಖಾತೆ ನಕ್ಷೆಯ ಮಂಜೂರಾತಿಯಲ್ಲ. ಅದು ಹಳೆಯ ತಪ್ಪುಗಳನ್ನು ಲೆಕ್ಕಕ್ಕೆ ತರುವ ಪುಸ್ತಕ, ಹೊಸದಾಗಿ ತಪ್ಪು ಮಾಡಲು ಕೊಟ್ಟ ಪರವಾನಗಿಯಲ್ಲ. ಹಳ್ಳಿಗಳಲ್ಲಿ ಅನುಮೋದನೆಯಿಲ್ಲದ ಆಸ್ತಿಗೆ ಪಂಚಾಯಿತಿ ಕೊಡುವ 11ಬಿ ನಮೂನೆಯನ್ನು ತೋರಿಸಿ, ಅದು ಅಧಿಕೃತ ಆಸ್ತಿಯ 9 ಮತ್ತು 11ಎ ನಮೂನೆಯಷ್ಟೇ ಗಟ್ಟಿ ಎನ್ನುವ ಮಾರಾಟಗಾರರ ಮಾತೂ ಇದೇ ಜಾತಿಯದು. ಮೇಲಾಗಿ 2024ರ ಅಕ್ಟೋಬರ್‌ನಿಂದ ನಗರ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಮೊದಲು ಕಟ್ಟಡ ಪರವಾನಗಿಯ ಹೊತ್ತಿಗೆ ಎದುರಾಗುತ್ತಿದ್ದ ತೊಡಕು ಈಗ ನೋಂದಣಿ ಕಚೇರಿಯ ಬಾಗಿಲಲ್ಲೇ ಎದುರಾಗುತ್ತದೆ.

ಮೂರನೆಯದು ಹಣದ ಮಾತು. ಒಂದು ಎಕರೆಗೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ನೂರಕ್ಕೆ 45 ಭಾಗ ಹೋದರೆ ಉಳಿಯುವ ನೆಲದಲ್ಲಿ 30×40ರ ಸೈಟು ಇಪ್ಪತ್ತೂ ಪೂರ್ತಿ ಆಗುವುದಿಲ್ಲ. ಇಪ್ಪತ್ತಡಿಯ ದಾರಿ ಬಿಟ್ಟು ಉದ್ಯಾನ ಮರೆತವರು ಅದೇ ಎಕರೆಯಲ್ಲಿ ಇನ್ನೂ ಹಲವು ಸೈಟು ಮಾಡಿ ಮಾರುತ್ತಾರೆ. ರೈತನಿಗೆ ಇದು ನಷ್ಟ ಎನಿಸುವುದು ಸಹಜ. ಆದರೆ ಆ ಹೆಚ್ಚುವರಿ ಸೈಟುಗಳ ನೆಲ ಬಂದದ್ದು ಉಳಿದ ಕೊಳ್ಳುವವರ ರಸ್ತೆ, ಚರಂಡಿಯಿಂದ. ಅದರ ಖರ್ಚು ಆಮೇಲೆ ಟ್ಯಾಂಕರ್ ನೀರಾಗಿ, ಮನೆಗೆ ನುಗ್ಗುವ ಮಳೆಯಾಗಿ ಅವರಿಗೇ ಬೀಳುತ್ತದೆ. ನಕ್ಷೆಯಲ್ಲಿ ಒಮ್ಮೆ ಬಿಟ್ಟ ಜಾಗಕ್ಕೆ ಕಾನೂನಿನ ಕಾವಲೂ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದನ್ನು ಪ್ರಶ್ನಿಸಿದವರು ಆ ಬಡಾವಣೆಯ ನಿವಾಸಿಗಳೇ. ನಕ್ಷೆಯೇ ಇಲ್ಲದ ಬಡಾವಣೆಯಲ್ಲಿ ಹಾಗೆ ಕೇಳಲು ಆಧಾರವಾದರೂ ಎಲ್ಲಿದೆ?

ಸಾಮಾನ್ಯವಾಗಿ ಆಗುವ ತಪ್ಪುಗಳಲ್ಲಿ ಕೆಲವನ್ನು ಮೇಲೆ ಹೇಳಿಯಾಯಿತು. ಉಳಿದವು ಇವು. ಮಂಜೂರಾತಿಗೆ ಮುನ್ನವೇ ಮುಂಗಡ ತೆಗೆದುಕೊಂಡು, ಅಧಿಕಾರಿಗಳು ಗೆರೆ ಬದಲಿಸಿದಾಗ ಯಾರ ಸೈಟು ಹೋಯಿತು ಎಂಬ ಜಗಳಕ್ಕೆ ಸಿಕ್ಕುವುದು. ಪಹಣಿಯಲ್ಲಿರುವ ಅಕ್ಕತಂಗಿಯರ ಹೆಸರನ್ನು ಬಿಟ್ಟು ಅರ್ಜಿ ಹಾಕುವುದು. ಅವರ ಸಹಿಯಿಲ್ಲದ ಕಡತ ತಕರಾರು ಬಂದ ದಿನ ನಿಲ್ಲುತ್ತದೆ. ಪೋಡಿಯಾಗಿದೆ, ಹಾಗಾಗಿ ಬಡಾವಣೆಯಾದಂತೆ ಎಂದುಕೊಳ್ಳುವುದು. ಪೋಡಿ ಸರ್ವೆ ನಂಬರನ್ನು ಒಡೆಯುತ್ತದೆ, ಮನೆ ಕಟ್ಟುವ ಹಕ್ಕು ಕೊಡುವುದಿಲ್ಲ. ವಿಭಾಗಪತ್ರದಲ್ಲಿ ‘ಹಿಂದಿನ ಭಾಗಕ್ಕೆ ಓಡಾಡಲು ದಾರಿ ಬಿಡತಕ್ಕದ್ದು’ ಎಂದಷ್ಟೇ ಬರೆದು, ದಾರಿಯ ಅಗಲವನ್ನಾಗಲಿ ಯಾವ ಬದಿಯೆಂಬುದನ್ನಾಗಲಿ ಬರೆಯದೆ ಬಿಡುವುದು. ಪಾಲಿನ ಎಷ್ಟೋ ಮೊಕದ್ದಮೆಗಳ ಬೇರು ಈ ಒಂದು ಸಾಲಿನಲ್ಲಿದೆ. ಇನ್ನು ಮಧ್ಯವರ್ತಿಯ ಕೈಗೆ ಮೂಲಪತ್ರ ಕೊಟ್ಟು ಮರೆಯುವುದು. ಅರ್ಜಿಗೆ ದೃಢೀಕೃತ ಪ್ರತಿ ಸಾಕು. ಮೂಲವನ್ನು ತೋರಿಸಿ, ಬಿಟ್ಟುಬರಬೇಡಿ.

ಪಾಲಿನ ಮಾತು ಇನ್ನೂ ಮನೆಯೊಳಗೇ ಇದ್ದರೆ, ಪತ್ರ ಬರೆಯುವವರನ್ನು ಕರೆಯುವ ಮುನ್ನ ಸರ್ವೆಯರ್‌ನನ್ನು ಕರೆಸಿ. ನಕ್ಷೆ ಮಂಜೂರಾದ ಮೇಲೆ ಅದರಲ್ಲಿರುವ ಅಳತೆಗಳನ್ನೇ ವಿಭಾಗಪತ್ರದ ಷೆಡ್ಯೂಲಿನಲ್ಲಿ ಬರೆಸಿ, ಮೊಹರಿರುವ ನಕ್ಷೆಯ ಪ್ರತಿಯನ್ನು ಪತ್ರದ ಜೊತೆ ಲಗತ್ತಿಸಿ. ಪಾಲುದಾರರು ಎಷ್ಟು ಜನರೋ ಅಷ್ಟು ದೃಢೀಕೃತ ಪ್ರತಿಗಳನ್ನು ಆಗಲೇ ತೆಗೆಸಿಟ್ಟುಕೊಳ್ಳಿ.